ಕಾಕಾನ್ನ ಕೇಳ್ರಿ: ಹನ್ನೊಂದು ಹೆಸರಿನ ವೈನ್ ಲಿಸ್ಟಿಗೆ ನಗೂದ್ಯಾಕ?

ಪ್ರಶ್ನೆ: ಕಾಕಾ, ನಮಸ್ಕಾರ್ರಿ. ನಾವು ಸೊಲ್ಲಾಪುರದವರು, ಮನ್ಯಾಗ ಕನ್ನಡ, ಬೀದ್ಯಾಗ ಮರಾಠಿ. ನಮ್ಮ ಕಡೆ ಒಂದು ಫ್ಯಾಮಿಲಿ ರೆಸ್ಟೋರೆಂಟ್ ಅದ, ಮಟನ್ ಥಾಳಿ ಅಲ್ಲೀದು ಭಾಳ ಛಲೋ. ಮೊದಲ ಬಿಯರ್, ವಿಸ್ಕಿ ಅಷ್ಟೇ ಇತ್ತು, ಈಗ ವೈನ್ ಲಿಸ್ಟ್ ಅಂತ ಲ್ಯಾಮಿನೇಟ್ ಮಾಡಿದ ಕಾರ್ಡ್ ಕೊಡ್ಲಿಕತ್ತಾರ. ಅದರಾಗ ಸುಲಾ ಕಂಪನಿದು ನಾಲ್ಕು (ಬಿಳಿ ಶೆನಿನ್ ಬ್ಲಾಂಕ್, ಬಿಳಿ ಸೊವಿನ್ಯೋನ್ ಬ್ಲಾಂಕ್, ಗುಲಾಬಿ ಜಿನ್‌ಫಂಡೆಲ್ ರೋಜೆ, ಕೆಂಪು ಶಿರಾಜ್), ಫ್ರಾಟೆಲ್ಲಿದು ಎರಡು ಕೆಂಪು (ಸಾಂಜಿಯೋವೇಜೆ, ಸೆಟ್ಟೆ), ಗ್ರೋವರ್ ಲಾ ರಿಸರ್ವ್, ಆಸ್ಟ್ರೇಲಿಯಾದ ಜೇಕಬ್ಸ್ ಕ್ರೀಕ್, ಇಟಲಿಯ ಕಿಯಾಂಟಿ, ಒಂದು ಪೋರ್ಟ್ ವೈನ್, ಮತ್ತ ಹೆಸರಿಲ್ಲದ 'ಹೌಸ್ ವೈನ್'. ಒಟ್ಟು ಹನ್ನೊಂದು. ನನ್ನ ಹೆಂಡ್ತಿ ತಮ್ಮ ಪುಣೆದಾಗ ಇರ್ತಾನ, ಕಾರ್ಡ್ ನೋಡಿ "ದಾಜಿ, ಇದು ವೈನ್ ಲಿಸ್ಟ್ ಅಲ್ಲ, ರೇಶನ್ ಕಾರ್ಡ್" ಅಂದು ಎಲ್ಲಾರ ಮುಂದ ನಕ್ಕ. ಖರೇನ ಅಷ್ಟು ಕೆಟ್ಟದ್ದ ಅದ ಏನ್ರೀ? ಇಂಥಾ ಲಿಸ್ಟ್ ಛಲೋನೋ ಕೆಟ್ಟೋ ಅಂತ ನಮ್ಮಂಥವರು ಹೆಂಗ ತಿಳ್ಕೋಬೇಕು?
ನಿಮ್ಮ ಓದುಗ, ಸೊಲ್ಲಾಪುರ

ಉತ್ತರ: ನಿಮ್ಮ ಮೈದುನಗ ನನ್ನ ಕಡಿಂದ ಹೇಳ್ರಿ, ಹನ್ನೊಂದು ಕಡಿಮಿ ಏನಲ್ಲ, ಸೊಲ್ಲಾಪುರದಾಗ ಮಟನ್ ಥಾಳಿ ಮಾರೂ ಹೋಟೆಲ್‌ಗೆ ಒಂದೆರಡು ಜಾಸ್ತೀನ ಆದವು. ಪುಣೆ, ಮುಂಬಯಿ ಕಡೆ ನಲವತ್ತು ಐವತ್ತು ಹೆಸರಿನ ಲಿಸ್ಟ್ ನಡೀತದ ಯಾಕಂದ್ರ ಅಲ್ಲಿ ದಿನಾ ಕುಡಿಯೋರು ಅದಾರ, ಬಾಟ್ಲಿ ಬಂದು ಬಂದು ಖಾಲಿ ಆಗ್ತಾವ, ನಮ್ಮ ಕಡೆ ಒಂದು ರಾತ್ರಿಗೆ ವೈನ್ ಕೇಳೂ ಟೇಬಲ್ ಎಷ್ಟಿರ್ತಾವ ನೀವೇ ಲೆಕ್ಕ ಹಾಕ್ರಿ, ಅಂಥಲ್ಲಿ ಐವತ್ತು ಹೆಸರು ಬರೆದ್ರ ನಲವತ್ತೈದು ಬಾಟ್ಲಿ ಧೂಳ ತಿಂತಾವ. ವೈನು ವಿಸ್ಕಿ ಹಂಗ ಅಲ್ರಿ. ಅಗ್ಗದ ಬಿಳಿ ವೈನು, ರೋಜೆ ಇವೆಲ್ಲ ಒಂದೆರಡು ವರ್ಷದಾಗ ಕುಡದು ಮುಗಿಸೂವು, ಇಟ್ಟಷ್ಟೂ ರುಚಿ ಹೋಗ್ತದ. ಅದಕ್ಕ ಲಿಸ್ಟ್ ಉದ್ದ ನೋಡಬ್ಯಾಡ್ರಿ, ಮಾಲು ಓಡ್ತದೋ ಇಲ್ಲೋ ನೋಡ್ರಿ.

ಅದನ್ನ ಹೆಂಗ ನೋಡೂದು ಅಂದ್ರ, ಕಾರ್ಡಿನ್ಯಾಗ ವರ್ಷ ಬರ್ದಿರೂದಿಲ್ಲ, ಬಾಟ್ಲಿ ತರಸ್ರಿ. ತರಸಿ ನೋಡೂದ್ರಾಗ ಏನೂ ಸಂಕೋಚ ಬ್ಯಾಡ, ಮುಚ್ಚಿದ ಬಾಟ್ಲಿ ಟೇಬಲ್‌ಗೆ ತಂದು ತೋರಿಸಿ ಆಮ್ಯಾಲೇ ತೆಗೀಬೇಕು, ಅದೇ ರೀತಿ. ಲೇಬಲ್ ಮ್ಯಾಲ ಇರೂ ವರ್ಷ ದ್ರಾಕ್ಷಿ ಕೊಯ್ದ ವರ್ಷ, ನಮ್ಮ ದೇಶದಾಗ ವೈನ್ ದ್ರಾಕ್ಷಿ ಕೊಯ್ಯೂದು ಹೆಚ್ಚಾಗಿ ಜನವರಿಯಿಂದ ಮಾರ್ಚ್, ಏಪ್ರಿಲ್ ತನಕ, ಯುರೋಪಿನ ಹಂಗ ಸಪ್ಟೆಂಬರ್ ಅಲ್ಲ. ಹಿಂಗಾಗಿ ಹೋದ ವರ್ಷದ ಸೊವಿನ್ಯೋನ್ ಬ್ಲಾಂಕ್ ಸಿಕ್ಕಿತು ಅಂದ್ರ ಖುಷಿಯಿಂದ ತಗೋರಿ, ನಾಲ್ಕು ವರ್ಷದ ಹಿಂದಿಂದು ಅಂದ್ರ "ಬ್ಯಾರೆ ಅದ ಏನಪಾ" ಅಂತ ಕೇಳ್ರಿ. ಕೆಂಪಿಗೆ ಇಷ್ಟು ಕಟ್ಟುನಿಟ್ಟು ಬ್ಯಾಡ, ಸೆಟ್ಟೆ, ಲಾ ರಿಸರ್ವ್ ಅಂಥವು ನಾಲ್ಕೈದು ವರ್ಷ ಆರಾಮ ತಡೀತಾವ, ಆದ್ರ ಸರಿಯಾಗಿ ಇಟ್ಟಿದ್ರ.

ಇಲ್ಲೇ ಬರ್ತದ ನೋಡ್ರಿ ಸೊಲ್ಲಾಪುರದ ಖರೇ ಪರೀಕ್ಷೆ. ಏಪ್ರಿಲ್, ಮೇದಾಗ ನಮ್ಮಲ್ಲಿ 42 ಡಿಗ್ರಿ ಅಂದ್ರ ಯಾರೂ ತಲಿ ಎತ್ತಿ ನೋಡೂದಿಲ್ಲ. ಆ ಉರೀದಾಗ ಬಾಟ್ಲಿನ್ನ ಬಾರ್ ಕೌಂಟರ್ ಹಿಂದ ಗಾಜಿನ ಶೆಲ್ಫಿನ್ಯಾಗ ಲೈಟಿನ ಕೆಳಗ ಶೋಕಿಗೆ ನಿಲ್ಲಿಸಿದ್ರ, ಮಧ್ಯಾಹ್ನ ಎಸಿ ಬಂದ್ ಇದ್ದಾಗ ಒಳಗಿನ ವೈನ್ ಬೇಯ್ತದ, ಖರೇ ಹೇಳ್ತೀನಿ, ಹಣ್ಣಿನ ವಾಸನಿ ಹೋಗಿ ಕುದಿಸಿದ ಜಾಮಿನ ವಾಸನಿ ಬರ್ತದ, ಕಾರ್ಕ್ ಇದ್ದದ್ದಾದ್ರ ಒಮ್ಮೊಮ್ಮೆ ಕಾರ್ಕ್ ಮ್ಯಾಲ ಎದ್ದಿರ್ತದ. ಹೋಟೆಲ್ ಒಳಗ ಹೋದ ಕೂಡ್ಲೆ ಬಾಟ್ಲಿ ಎಲ್ಲಿ ಇಟ್ಟಾರ ಅಂತ ಒಂದು ಕಣ್ಣು ಹಾಕ್ರಿ, ಫ್ರಿಜ್ಜಿನ್ಯಾಗೋ ತಂಪಿನ ಕತ್ತಲ ಕೋಣ್ಯಾಗೋ ಇದ್ರ ಮಾಲಕಗ ವಿಷಯ ಗೊತ್ತದ ಅಂತ ತಿಳ್ಕೋರಿ. ಮತ್ತ "ರೆಡ್ ವೈನ್ ರೂಮ್ ಟೆಂಪರೇಚರ್‌ದಾಗ ಕುಡೀಬೇಕು ಸರ್" ಅಂತ ವೇಟರ್ ಹೇಳಿದ್ರ ನಂಬಬ್ಯಾಡ್ರಿ. ಅದು ಯುರೋಪಿನ ತಂಪ ಮನಿ ಮಾತು, ಕೆಂಪಿಗೆ ಬೇಕಾದದ್ದು 15ರಿಂದ 18 ಡಿಗ್ರಿ, ಸೊಲ್ಲಾಪುರದ ರೂಮು ಡಿಸೆಂಬರ್ ರಾತ್ರಿ ಬಿಟ್ರ ಎಂದೂ ಅಷ್ಟು ಇರೂದಿಲ್ಲ. ಅರ್ಧಾ ತಾಸು ಫ್ರಿಜ್ಜಿನ್ಯಾಗ ಇಟ್ಟು ತಾ ಅಂತ ಹೇಳ್ರಿ. ಬಿಳಿಗೆ 8ರಿಂದ 12 ಸಾಕು, ಬರ್ಫಿನ ಬಕೆಟ್ ಕೇಳೂದು ದೊಡ್ಡಸ್ತನ ಅಲ್ಲ.

ಇನ್ನ ಊಟ. ಯಾವ ಹೋಟೆಲ್ಲಿನ ಲಿಸ್ಟೇ ಆಗ್ಲಿ, ಅಲ್ಲಿಯ ಅಡಗಿಗೆ ಹೊಂದ್ತದೋ ಇಲ್ಲೋ ಅನ್ನೂದೇ ನನಗ ಮೊದಲ ಲೆಕ್ಕ. ನಿಮ್ಮ ಹೋಟೆಲ್ಲಿನ್ಯಾಗ ಏನು ಮಾಡ್ತಾರ, ಕಾಳಾ ಮಸಾಲಿ ಹಾಕಿದ ಮಟನ್ ರಸ್ಸಾ, ಕಡಕ್ ರೊಟ್ಟಿ, ಬಾಜೂಕ ಶೇಂಗಾ ಚಟ್ನಿ, ಠೇಚಾ. ಇದಕ್ಕ "ಮಟನ್ ಅಂದ್ರ ರೆಡ್ ವೈನ್" ಅಂತ ಕಣ್ಣು ಮುಚ್ಚಿ ಕ್ಯಾಬರ್ನೆಯಂಥ ದಪ್ಪ ರುಚಿಯ ಕೆಂಪು ವೈನ್ ತಗೊಂಡ್ರ ನಾಲಿಗಿ ಸುಟ್ಟ ಹಂಗ ಆಗ್ತದ, ಯಾಕಂದ್ರ ಕೆಂಪು ವೈನಿನ್ಯಾಗ ಟ್ಯಾನಿನ್ ಅಂತ ಒಂದು ಒಗರು ಇರ್ತದ, ಆ ಒಗರು ಮತ್ತ ಆಲ್ಕೋಹಾಲು ಎರಡೂ ಮೆಣಸಿನ ಖಾರನ್ನ ಇನ್ನೂ ಎತ್ತಿ ಹಿಡೀತಾವ. ಖಾರಕ್ಕ ಬೇಕಾದದ್ದು ತಂಪು, ಸ್ವಲ್ಪ ಸವಿ. ನಿಮ್ಮ ಲಿಸ್ಟಿನ ಶೆನಿನ್ ಬ್ಲಾಂಕ್ ಆಗ್ತದ, ಜಿನ್‌ಫಂಡೆಲ್ ರೋಜೆ ಅಂತೂ ರಸ್ಸಾದ ಜೊತಿ ಬೆಸ್ಟ್, ಗುಲಾಬಿ ಬಣ್ಣ ನೋಡಿ "ಇದು ಹೆಣ್ಣಮಕ್ಕಳ ವೈನು" ಅಂತ ನಗೋರು ನಗ್ಲಿ ಬಿಡ್ರಿ. ಮಟನ್ ಸುಕ್ಕಾ ಅಥವಾ ತಂದೂರಿ ಇದ್ರ ಶಿರಾಜ್ ತಗೋಬಹುದು, ಅದರಾಗ ಮೆಣಸಿನಕಾಳಿನ ಘಮಾ ಇರ್ತದ, ಮಸಾಲಿ ಜೊತಿ ಜಗಳ ಆಡೂದಿಲ್ಲ. ಲಿಸ್ಟಿನ್ಯಾಗ ಕೊರತಿ ಅಂತ ನನಗ ಕಂಡದ್ದು ಒಂದ, ಗುಳ್ಳಿ ಏಳೂ ಸ್ಪಾರ್ಕ್ಲಿಂಗ್ ಒಂದೂ ಇಲ್ಲ. ಕರದ ತಿಂಡಿಗೆ, ಭಜಿಗೆ, ಬೋಂಬಿಲ್ ಮೀನಿನ ಫ್ರೈಗೆ ಅದರಂಥದ್ದು ಬ್ಯಾರೆ ಇಲ್ಲ. ಕಿಯಾಂಟಿ ತಗದು ಅದನ್ನ ಇಡ್ಲಿ.

ಕಿಯಾಂಟಿ ಮಾತು ಬಂತಲ್ಲ, ಇದು ನೋಡ್ರಿ ಮಜಾ. ಕಿಯಾಂಟಿ ಇಟಲಿಯ ಟಸ್ಕನಿದು, ಅದರ ಮುಖ್ಯ ದ್ರಾಕ್ಷಿ ಸಾಂಜಿಯೋವೇಜೆ. ಅದೇ ದ್ರಾಕ್ಷಿನ್ನ ಇಟಲಿಯವರ ಜೊತಿ ಕೂಡಿ ಫ್ರಾಟೆಲ್ಲಿದವರು ಎಲ್ಲಿ ಬೆಳೀತಾರ ಅಂದ್ರ ನಮ್ಮದೇ ಸೊಲ್ಲಾಪುರ ಜಿಲ್ಲಾ ಮಾಳಶಿರಸ ತಾಲೂಕು ಅಕಲೂಜದಾಗ, ನಿಮ್ಮ ಮನಿಯಿಂದ ನೂರು ಕಿಲೋಮೀಟರ್ ಚಿಲ್ಲರ. ಕಬ್ಬಿನ ಊರು ಅಂತ ನಾವು ತಿಳದದ್ದು! ಸೆಟ್ಟೆದಾಗೂ ಸಾಂಜಿಯೋವೇಜೆ, ಕ್ಯಾಬರ್ನೆ ಸೊವಿನ್ಯೋನ್ ಎರಡೂ ಕೂಡಿರ್ತಾವ. ಕಿಯಾಂಟಿಗೆ ಹಡಗಿನ ಬಾಡಿಗಿ, ಕಸ್ಟಮ್ಸ್ ಡ್ಯೂಟಿ ಎಲ್ಲಾ ಕೂಡಿ ಬಿಲ್ ಆಗ್ತದ, ಡ್ಯೂಟಿ ಹಾಕಿದ ಮ್ಯಾಲ ನಮ್ಮಲ್ಲಿಗೆ ಬರೂದು ಹೆಚ್ಚಾಗಿ ಅಲ್ಲಿಯ ಅಗ್ಗದ ಮಾಲು. ಇತ್ತ ಮಹಾರಾಷ್ಟ್ರ ಸರ್ಕಾರ 2001ರ ದ್ರಾಕ್ಷಿ ಸಂಸ್ಕರಣ ನೀತಿಯೊಳಗ ರಾಜ್ಯದೊಳಗಿನ ವೈನಿಗೆ ಅಬಕಾರಿ ಸುಂಕದಾಗ ವಿನಾಯಿತಿ ಕೊಟ್ಟಿತು, ನಾಸಿಕದ ವೈನರಿಗಳು ಬೆಳೀಲಿಕ್ಕೆ ಅದೂ ಒಂದು ಕಾರಣ. ಹಿಂಗಿದ್ದಾಗ ಸೊಲ್ಲಾಪುರದ ಹೋಟೆಲ್ ಲಿಸ್ಟಿನ್ಯಾಗ ಸೊಲ್ಲಾಪುರ ಜಿಲ್ಲೆದ್ದು ಎರಡು ವೈನ್ ಇರೂದು ನಗೂ ಮಾತಲ್ಲ, ಆ ಮಾಲಕನ್ನ ಮೆಚ್ಚೂ ಮಾತು.

ರೇಟು ನೋಡ್ರಿ ಆಮ್ಯಾಲ. ವೈನ್ ಶಾಪಿನ್ಯಾಗ 900 ಇದ್ದದ್ದು ಹೋಟೆಲ್ಲಿನ್ಯಾಗ 1800 ಇದ್ರ ಸರಳ, 2700 ಆದ್ರ ಜುಲುಮ್ ಅನ್ನೂ ಹತ್ತಿರ. ಎರಡೂವರೆ ಪಟ್ಟು ಮೀರಿದ್ರ ನಾನಂತೂ ಬಿಯರ್ ಹೇಳ್ತೀನಿ. ಬಾಟ್ಲಿ ಅಂದ್ರ 750 ಎಂಎಲ್, ಗ್ಲಾಸ್ ಅಂದ್ರ 150, ಅಂದ್ರ ಐದು ಗ್ಲಾಸು, ಗ್ಲಾಸಿನ ರೇಟು ಐದರಿಂದ ಗುಣಿಸಿ ಬಾಟ್ಲಿ ರೇಟಿನ ಜೊತಿ ಹಚ್ಚಿ ನೋಡ್ರಿ, ಸ್ವಲ್ಪ ಜಾಸ್ತಿ ಇರ್ತದ ನಡೀತದ, ಎರಡು ಪಟ್ಟು ಇದ್ರ ನಡಿಯೂದಿಲ್ಲ. ಊಟಕ್ಕ ಜಿಎಸ್‌ಟಿ, ಮದ್ಯಕ್ಕ ವ್ಯಾಟ್, ಬಿಲ್ಲಿನ್ಯಾಗ ಎರಡೂ ಬ್ಯಾರೆ ಬ್ಯಾರೆ ಕಾಣಬೇಕು.

ಹೌಸ್ ವೈನ್ ಅಂದ್ರ ಯಾವ ಕಂಪನಿದು ಅಂತ ಕೇಳ್ರಿ, ಹೇಳಲಿಕ್ಕೆ ತಡವರಿಸಿದ್ರ ಬಿಟ್ಟುಬಿಡ್ರಿ. ಪೋರ್ಟ್ ವೈನು ಸವೀದು, ಅಜ್ಜನ ಕಾಲದಿಂದ ಟಾನಿಕ್ಕಂತ ಕುಡ್ಯೋರು ಅದಾರ, ಅದು ಇರ್ಲಿ ಪಾಪ. ನನ್ನ ಮಾರ್ಕ್ಸು ಹತ್ತಕ್ಕ ಏಳು, ಬಾಟ್ಲಿ ಲೈಟಿನ ಕೆಳಗ ನಿಂತಿದ್ದು ಕಂಡ್ರ ನಾಲ್ಕು.

ಪ್ರಶ್ನೆ: ಕಾಕಾ, ಗ್ಲಾಸ್ ಲೆಕ್ಕದಾಗ ಬಿಳಿ ವೈನ್ ತಗೊಂಡೆ, ಹುಳಿ ಹುಳಿ, ವಿನೆಗರ್ ವಾಸನಿ. ವೇಟರ್ "ವೈನ್ ಹಿಂಗೇ ಇರ್ತದ ಮೇಡಂ" ಅಂದ. ವಾಪಸ್ ಕೊಡಬಹುದಿತ್ತಾ?
ಓದುಗಿ, ಅಕ್ಕಲಕೋಟ

ಉತ್ತರ: ಕೊಡಬಹುದಿತ್ತು ತಂಗಿ, ಕೊಡಬೇಕಿತ್ತು. ಬಿಳಿ ವೈನಿಗೆ ಹುಳಿ ಇರೂದು ಸಹಜ, ನಿಂಬಿಯ ಹುಳಿ, ಬಾಯಾಗ ನೀರು ತರೂ ಹುಳಿ. ವಿನೆಗರ್ ವಾಸನಿ, ಕೊಯ್ದಿಟ್ಟು ಕಂದಿದ ಸೇಬಿನ ವಾಸನಿ, ಬಣ್ಣ ಕಂದು ತಿರುಗಿದ್ದು, ಇವೆಲ್ಲ ಬಾಟ್ಲಿ ತಗದು ಭಾಳ ದಿನ ಆದದ್ದರ ಗುರ್ತು. ತಗದ ಬಾಟ್ಲಿ ಫ್ರಿಜ್ಜಿನ್ಯಾಗ ಮೂರು ದಿನ ನಡೀತದ, ಹೆಚ್ಚಂದ್ರ ಐದು. ಮುಂದಿನ ಸಲ ಆರ್ಡರ್ ಕೊಡೂ ಮೊದಲ "ಬಾಟ್ಲಿ ಎಂದು ತಗದದ್ದು?" ಅಂತ ಕೇಳು, ಉತ್ತರ ಬರೂದಕ್ಕಿಂತ ಮೊದಲ ಮುಖ ನೋಡು. ರುಚಿ ಹಿಡಿಸ್ಲಿಲ್ಲ ಅಂತ ವಾಪಸ್ ಕೊಡೂದು ಸರಿ ಅಲ್ಲ, ಕೆಟ್ಟದ್ದಕ್ಕ ವಾಪಸ್ ಕೊಡೂದು ಸರಿ, ಎರಡು ಗುಟುಕಿನೊಳಗ ಹೇಳು, ಅರ್ಧ ಕುಡದು ಹೇಳಿದ್ರ ಅವನೂ ಒಪ್ಪೂದಿಲ್ಲ.

ಪ್ರಶ್ನೆ: ನಮ್ಮದು ಜತ್ತ ತಾಲೂಕು, ಥಾಮ್ಸನ್ ದ್ರಾಕ್ಷಿ ತೋಟ ಅದ. ರೇಟು ಬಿದ್ದಾಗ ಇದರಲೇ ವೈನ್ ಮಾಡಿ ಹೋಟೆಲ್ಲಿಗೆ ಕೊಟ್ರ ಹೆಂಗ?

ಉತ್ತರ: ತಿನ್ನೂ ದ್ರಾಕ್ಷಿ ಬ್ಯಾರೆ, ವೈನ್ ದ್ರಾಕ್ಷಿ ಬ್ಯಾರೆ ಅಣ್ಣಾ. ವೈನಿಂದು ಸಣ್ಣ ಕಾಯಿ, ದಪ್ಪ ಸಿಪ್ಪಿ, ಒಳಗ ಬೀಜ, ಬಣ್ಣ ಮತ್ತ ಒಗರು ಬರೂದೇ ಆ ಸಿಪ್ಪಿ, ಬೀಜದಿಂದ. ಥಾಮ್ಸನ್ನಿಗೆ ಬೀಜಾನೂ ಇಲ್ಲ, ಸಿಪ್ಪಿನೂ ತೆಳು, ವೈನ್ ಆಗೂದೇ ಇಲ್ಲ ಅಂತಲ್ಲ, ಆದ್ರ ಸಪ್ಪಗ ಆಗ್ತದ. ಮ್ಯಾಲ ಲೈಸನ್ಸ್ ಇಲ್ದ ಮಾಡಿ ಮಾರಿದ್ರ ಅಬಕಾರಿಯವರು ಮನಿಗೇ ಬರ್ತಾರ. ರೇಟು ಬಿದ್ದಾಗ ಬೇದಾಣಾ (ಒಣದ್ರಾಕ್ಷಿ) ಮಾಡ್ರಿ, ತಾಸಗಾಂವ ಮಾರ್ಕೆಟ್ ನಿಮಗ ದೂರ ಏನಲ್ಲ.