ಕಾಲಿಲ್ಲದ್ದು ಕಡಲು ದಾಟಿತೇ?

ಪ್ರಶ್ನೆ: ಮಾಷ್ಟ್ರೇ, ಮೊನ್ನೆ ಮಳೆ ಹಿಡಿದಾಗ ಅಡಿಕೆ ತೋಟದ ಕಣಿ ಬಿಡಿಸುತ್ತಿದ್ದೆವು. ಪಿಕ್ಕಾಸಿನ ತುದಿಗೆ ಗೇಣುದ್ದದ ಒಂದು ಪ್ರಾಣಿ ಎದ್ದು ಬಂತು. ಎರೆಹುಳದ ಹಾಗೆ ಮೈಯೆಲ್ಲ ಬಳೆ ಬಳೆ, ಆದರೆ ಅದಕ್ಕಿಂತ ದಪ್ಪ. ಕೆಲಸದವರು ‘ಎರಡು ತಲೆ ಹಾವು’ ಎಂದು ಹೊಡೆಯಲು ಹೊರಟರು. ನನ್ನ ಮಗಳು ಫೋಟೋ ನೋಡಿ, ‘ಅಪ್ಪ, ಅದು ಕಪ್ಪೆಯ ಬಳಗ, ಅದರ ನೆಂಟರು ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪಗಳಲ್ಲಿದ್ದಾರೆ’ ಎನ್ನುತ್ತಾಳೆ. ಕಾಲೂ ಇಲ್ಲದ, ಕಣ್ಣೂ ಕಾಣದ ಪ್ರಾಣಿ ಅಷ್ಟು ದೂರ ಕಡಲು ದಾಟಿದ್ದು ಹೇಗೆ?
(ಕೃಷಿಕರೊಬ್ಬರು, ಪೆರ್ಲ)

ಉತ್ತರ: ಮಗಳು ಹೇಳಿದ್ದು ಸರಿ. ನೀವು ಕಳಿಸಿದ ಫೋಟೋದಲ್ಲಿರುವುದು ಸಿಸಿಲಿಯನ್. ಹಾವಲ್ಲ, ಹುಳವೂ ಅಲ್ಲ, ಕಪ್ಪೆಯ ದಾಯಾದಿ. ಹೊಡೆಯದೆ ಬಿಟ್ಟಿರಿ ಎಂದುಕೊಳ್ಳುತ್ತೇನೆ.

ನಿಮ್ಮ ಕೆಲಸದವರನ್ನು ನಗುವ ಹಕ್ಕು ನನಗಿಲ್ಲ. ಕುಂಬಳೆ ಕಡೆಯ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಮೊದಲ ವರ್ಷಗಳಲ್ಲಿ ಮಕ್ಕಳು ಇಂಥದ್ದನ್ನು ತಂದರೆ ‘ದೊಡ್ಡ ಎರೆಹುಳ’ ಎಂದು ಸಾಗಹಾಕುತ್ತಿದ್ದೆ. ಒಮ್ಮೆ ಏಳನೆಯ ತರಗತಿಯ ಹುಡುಗನೊಬ್ಬ ಸತ್ತುಹೋಗಿದ್ದ ಒಂದನ್ನು ಕೆಸುವಿನ ಎಲೆಯಲ್ಲಿ ಸುತ್ತಿ ತಂದ. ಹಿಡಿಸೂಡಿಯ ಕಡ್ಡಿಯಿಂದ ಬಾಯಿ ಬಿಡಿಸಿ, ‘ಸರ್, ಎರೆಹುಳಕ್ಕೆ ಹಲ್ಲುಂಟಾ?’ ಎಂದು ಕೇಳಿದ. ಸೂಜಿಮೊನೆಯಂಥ ಹಲ್ಲಿನ ಸಾಲು! ಭೂತಕನ್ನಡಿ ಹಿಡಿದಾಗ ಮೂಗಿನ ಹತ್ತಿರ ಕೂದಲೆಳೆಯಷ್ಟು ಸಣ್ಣ ಮೀಸೆಯೂ ಕಂಡಿತು. ಮಣ್ಣೊಳಗಿನ ಕತ್ತಲಲ್ಲಿ ಎರೆಹುಳ, ಗೆದ್ದಲು ಹುಡುಕಲು ಅದಕ್ಕೆ ಇದೇ ಕಣ್ಣು, ಇದೇ ಮೂಗು. ಆ ದಿನ ಮಧ್ಯಾಹ್ನದ ಊಟ ಬಿಟ್ಟು ಪುಸ್ತಕ ಹುಡುಕಿದೆ.

ಈಗ ಕಡಲಿನ ಮಾತು. ನಮ್ಮ ಕರಾವಳಿಯಿಂದ ಸೆಶೆಲ್ಸ್‌ಗೆ 2,500 ಕಿ.ಮೀ.ಗೂ ಮೇಲೆ. ಕಪ್ಪೆ, ಸಿಸಿಲಿಯನ್‌ಗಳದ್ದು ತೆಳ್ಳಗಿನ ಒದ್ದೆ ಚರ್ಮ. ಉಪ್ಪುನೀರು ತಾಗಿದರೆ ಮೈಯ ನೀರು ಬಸಿದುಹೋಗುತ್ತದೆ. ನಡುಗಡಲಲ್ಲಿ ಎದ್ದ ದ್ವೀಪಗಳಲ್ಲಿ ಕಪ್ಪೆಗಳಿಲ್ಲವೆಂಬುದನ್ನು ಡಾರ್ವಿನ್ 1859ರಲ್ಲೇ ಬರೆದಿದ್ದಾನೆ. ಕಾರಣವೂ ಅವನು ಕೊಟ್ಟದ್ದು ಇದೇ, ಉಪ್ಪುನೀರು. ಹವಾಯಿಗೆ ಸ್ವಂತದ ಒಂದು ಕಪ್ಪೆಯೂ ಇಲ್ಲ.

ಹಾಗಾದರೆ ಸೆಶೆಲ್ಸ್‌ನಲ್ಲಿ ಹೇಗೆ? ಅಲ್ಲಿನ ಮಾಹೆ ಮೊದಲಾದ ದೊಡ್ಡ ದ್ವೀಪಗಳು ಜ್ವಾಲಾಮುಖಿ ಉಗುಳಿದವಲ್ಲ, ಹವಳ ಕಟ್ಟಿದವೂ ಅಲ್ಲ. ಅವು ಹಳೆಯ ಗ್ರಾನೈಟು, ಎಂದರೆ ಖಂಡದಿಂದ ಮುರಿದ ಚೂರು. ಮುರಿದದ್ದು ನಮ್ಮಿಂದಲೇ! ಭಾರತ, ಮಡಗಾಸ್ಕರ್, ಸೆಶೆಲ್ಸ್ ಒಂದೇ ನೆಲವಾಗಿ ಆಫ್ರಿಕಾದಿಂದ ಕಳಚಿಕೊಂಡವು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಹಿಂದುಳಿಯಿತು. ಸುಮಾರು 6.5 ಕೋಟಿ ವರ್ಷಗಳ ಹಿಂದೆ, ಮುಂಬೈ ಕಡೆಯ ಕಪ್ಪುಕಲ್ಲು ಲಾವಾ ಆಗಿ ಹರಿದ ಕಾಲದ ಆಸುಪಾಸಿನಲ್ಲಿ, ಸೆಶೆಲ್ಸ್ ಕೂಡ ಬಿಟ್ಟುಹೋಯಿತು. ನಾವು ಬಡಗಣಕ್ಕೆ ತೇಲಿ ಏಷ್ಯಾಕ್ಕೆ ಢಿಕ್ಕಿ ಹೊಡೆದೆವು. ನಿಮ್ಮ ಕಣಿಯ ಪ್ರಾಣಿ ಎಲ್ಲಿಗೂ ಹೋಗಲಿಲ್ಲ, ಅದರ ಅಡಿಯ ನೆಲವೇ ಹೋಯಿತು. ಆಸ್ತಿ ಪಾಲಾದಾಗ ಅಣ್ಣನೊಬ್ಬ ಅತ್ತ, ತಮ್ಮನೊಬ್ಬ ಇತ್ತ ಆದ ಹಾಗೆ. ನೆಲ ಹೀಗೆ ಸರಿಯುತ್ತದೆಂದು ಜರ್ಮನಿಯ ವಿಜ್ಞಾನಿ ವೆಗೆನರ್ ವಾದ ಹೂಡಿದ್ದು 1912ರಲ್ಲಿ. ಪಾಪ ಡಾರ್ವಿನ್‌ಗೆ ಅದು ಗೊತ್ತಿರಲಿಲ್ಲ.

ಇದೇ ಕತೆ ಕೇರಳದ ಇಡುಕ್ಕಿಯ ನೇರಳೆ ಕಪ್ಪೆಯದ್ದೂ. 2003ರಲ್ಲಿ ಸಂಶೋಧಕರಾದ ಎಸ್. ಡಿ. ಬಿಜು ಮತ್ತು ಫ್ರಾಂಕಿ ಬೊಸ್ಸುಯ್ಟ್ ಅದನ್ನು ಲೋಕಕ್ಕೆ ಪರಿಚಯಿಸಿದಾಗ, ಅದರ ಹತ್ತಿರದ ಬಂಧುಗಳು ಸಿಕ್ಕಿದ್ದು ಸೆಶೆಲ್ಸ್‌ನಲ್ಲೇ.

ಆದರೆ ನನ್ನ ಮಾತಿಗೊಂದು ಅಪವಾದವಿದೆ, ಮುಚ್ಚಿಟ್ಟರೆ ನಿಮ್ಮ ಮಗಳು ಬಿಡಲಾರಳು. ಆಫ್ರಿಕಾದ ಪಡುವಣ ಕಡಲಲ್ಲಿ ಸಾವೊ ಟೋಮೆ ಎಂಬ ದ್ವೀಪವಿದೆ. ಅಪ್ಪಟ ಜ್ವಾಲಾಮುಖಿ ದ್ವೀಪ, ಆಫ್ರಿಕಾದ ಕರಾವಳಿಯಿಂದ 200 ಕಿ.ಮೀ.ಗೂ ಹೆಚ್ಚು ದೂರ. ಅಲ್ಲೂ ಅರಸಿನ ಬಣ್ಣದ ಸಿಸಿಲಿಯನ್ ಇದೆ! ಆಫ್ರಿಕಾದ ದೊಡ್ಡ ಹೊಳೆಗಳು ನೆರೆ ಬಂದಾಗ ಮರ, ಬೇರು, ಮಣ್ಣಿನ ಹೆಂಟೆ ಸಮೇತ ಕಡಲಿಗೆ ನುಗ್ಗುತ್ತವೆ. ಸಿಹಿನೀರು ಮೇಲೆ ತೇಲಿ ಬಹುದೂರ ಹರಡುತ್ತದೆ. ಅಂಥ ತೆಪ್ಪವೊಂದರಲ್ಲಿ ಅದರ ಹಿರಿಯರು ಬಂದಿರಬೇಕೆಂದು ತಿಳಿದವರ ಲೆಕ್ಕ. ಅಲ್ಲಿಯ ಜನ ಅದನ್ನು ಕರೆಯುವುದು ‘ಕೋಬ್ರ ಬೋಬೊ’ ಎಂದು. ಪೋರ್ಚುಗೀಸಿನಲ್ಲಿ ‘ಪೆದ್ದು ಹಾವು’! ನಿಮ್ಮ ಕೆಲಸದವರು ಒಂಟಿಯಲ್ಲ.

ಇನ್ನು ಸಿಕ್ಕಿದರೆ ಬಾಟಲಿಯಲ್ಲಿ ಹಾಕಿ ನನಗೆ ಕಳಿಸಬೇಡಿ. ಒದ್ದೆ ಸೊಪ್ಪಿನಡಿ ಬಿಟ್ಟುಬಿಡಿ. ಅದರಿಂದ ಮನುಷ್ಯರಿಗೆ ಅಪಾಯವಿಲ್ಲವೆಂದು ಕೆಲಸದವರಿಗೆ ನಾನು ಹೇಳಿದೆನೆಂದು ಹೇಳಿ.

ಪ್ರಶ್ನೆ: ನಮ್ಮ ಗುಡ್ಡೆಯಲ್ಲಿ ಯಾರೂ ನೆಡದೆಯೇ ಗೇರು ಹುಟ್ಟುತ್ತದೆ. ಆದರೂ ಅದು ಹೊರಗಿನದು ಎನ್ನುತ್ತಾರಲ್ಲ?
(ಓದುಗರೊಬ್ಬರು, ಮುಳ್ಳೇರಿಯ)

ಉತ್ತರ: ಹೊರಗಿನದೇ. ಬ್ರೆಜಿಲಿನದು. 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಒಂದು ಗಿಡ ಎಲ್ಲಿ ಬದುಕಬಲ್ಲದು ಎಂಬುದು ಬೇರೆ, ಅಲ್ಲಿಗೆ ತಲುಪಿತೇ ಎಂಬುದು ಬೇರೆ. ನಮ್ಮ ಮುರಕಲ್ಲು ಗುಡ್ಡೆ, ಜಡಿಮಳೆ, ಆಮೇಲಿನ ಸುಡುಬಿಸಿಲು ಗೇರಿಗೆ ಹೇಳಿ ಮಾಡಿಸಿದ ಹಾಗಿದ್ದವು. ಆದರೂ ಅಟ್ಲಾಂಟಿಕ್ ದಾಟಿಸುವವರಿಲ್ಲದೆ ಅದು ಲಕ್ಷಗಟ್ಟಲೆ ವರ್ಷ ಇಲ್ಲಿರಲಿಲ್ಲ. ಒಮ್ಮೆ ಬಂದದ್ದೇ ತಡ, ಉಳಿದದ್ದನ್ನು ಬಾವಲಿಗಳು ನೋಡಿಕೊಂಡವು. ಹಣ್ಣು ಚೀಪಿ ಬೀಜ ಬಿಸಾಡುವ ಅವುಗಳ ಕೆಲಸ ನೋಡಬೇಕಿದ್ದರೆ ಮಾರ್ಚ್ ತಿಂಗಳ ಬೆಳಗ್ಗೆ ದೊಡ್ಡ ಹಲಸಿನ ಮರದಡಿ ಬಿದ್ದ ಗೇರುಬೀಜ ಹೆಕ್ಕಿ ನೋಡಿ. ನಮ್ಮ ಕಾಡಿನ ಕರಿಗೇರು ಇದರ ದೂರದ ನೆಂಟ, ಎರಡೂ ಮಾವಿನ ಕುಟುಂಬದವು. ಹೊರಗಿನದೆಂಬುದಕ್ಕೆ ಸಾಕ್ಷಿ ಬೇಕೇ? ನೆರೆಮನೆಯ ಮಲಯಾಳಿಗಳನ್ನು ಮರದ ಹೆಸರು ಕೇಳಿ. ‘ಪರಂಗಿಮಾವು’ ಎನ್ನುತ್ತಾರೆ, ಎಂದರೆ ಪರಂಗಿಯವರ ಮಾವು.