ತಮ್ಮ ಕಾಲೇಜಿಗೆ ಹೋಗಲ್ಲ ಅಂತಿದ್ದಾನೆ, ಕೌನ್ಸೆಲಿಂಗ್ ಕೊಡಿಸಬೇಕಾ?

ತಮ್ಮನಿಗೆ 16 ವರ್ಷ, ಎಕಾಂಡ್ರೋಪ್ಲೇಸಿಯಾ (ಹುಟ್ಟಿನಿಂದಲೇ ಕೈಕಾಲಿನ ಮೂಳೆ ಉದ್ದ ಬೆಳೆಯದೆ ಕುಳ್ಳಗಿರುವ ಸ್ಥಿತಿ) ಇದೆ, ಪಿಯುಸಿ ಸೇರಿದ ಮೇಲೆ 'ಕುಳ್ಳ' ಅಂತ ಗೇಲಿ ಮಾಡ್ತಾರೆ ಅಂತ ಮನೆಯಲ್ಲೇ ಕೂತಿದ್ದಾನೆ, ಕೌನ್ಸೆಲರ್ ಹತ್ತಿರ ಕರ್ಕೊಂಡು ಹೋಗಲಾ ಅಂತ ಕೇಳಿದ್ದೀರಿ. ಹೋಗಿ. ಆದರೆ ಮೊದಲು ಅವನನ್ನು ಕೇಳಿ. ನನಗೂ ಅದೇ ಇದೆ, ಎತ್ತರ 4 ಅಡಿ 1 ಇಂಚು.

ನನ್ನನ್ನು ಹೇಳದೆ ಕೇಳದೆ ಕರ್ಕೊಂಡು ಹೋಗಿದ್ದರು. ಆ ಕೌನ್ಸೆಲರ್ ಅರ್ಧ ಗಂಟೆ ಅಪ್ಪನ ಜೊತೆಯೇ ಮಾತಾಡಿದರು, ನನಗೆ ಸಿಕ್ಕಿದ್ದು ಒಂದು ಚಾಕೊಲೇಟ್. ಆಗ ನನಗೆ 17! ಎರಡನೆಯವರು ಮಾತ್ರ ಅಪ್ಪನನ್ನು ಹೊರಗೆ ಕೂರಿಸಿ, ದಿನದಲ್ಲಿ ಯಾವ ಹೊತ್ತು ಜಾಸ್ತಿ ಕಷ್ಟ ಅಂತ ಕೇಳಿದರು. ಬಸ್ ಹತ್ತುವಾಗ ಅಂದೆ. ಯಾರಾದರೂ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಮಗುವಿನ ಹಾಗೆ ಎತ್ತಿಬಿಡುತ್ತಿದ್ದರು, ಅವರ ಪ್ರಕಾರ ಅದು ಸಹಾಯ. 'ಮುಟ್ಟಬೇಡಿ, ಬೇಕಾದರೆ ನಾನೇ ಕೇಳ್ತೀನಿ' ಅಂತ ಗಟ್ಟಿಯಾಗಿ ಹೇಳುವುದನ್ನು ಆ ರೂಮಿನಲ್ಲೇ ಹತ್ತಾರು ಸಲ ಹೇಳಿಸಿದರು. ನಾಲ್ಕನೇ ದಿನ ಬಸ್ಸಲ್ಲಿ ಅದು ಬಾಯಿಗೆ ಬಂತು.

ಕೌನ್ಸೆಲರ್ ಕೈಲಿ ಆಗದ್ದೂ ಒಂದಿದೆ, ಇದೇ ದೇಹದಲ್ಲಿ ಬದುಕಿದವರ ಅನುಭವ ಹೇಳುವುದು. ಎಕಾಂಡ್ರೋಪ್ಲೇಸಿಯಾ ಇರುವ ಹತ್ತು ಮಕ್ಕಳಲ್ಲಿ ಸುಮಾರು ಎಂಟು ಮಕ್ಕಳ ಅಪ್ಪ ಅಮ್ಮ ಮಾಮೂಲಿ ಎತ್ತರದವರೇ (ಎಫ್‌ಜಿಎಫ್‌ಆರ್3 ಅನ್ನುವ ಜೀನ್‌ನಲ್ಲಿ ಹೊಸದಾಗಿ ಆಗುವ ಬದಲಾವಣೆ, ಯಾರ ತಪ್ಪೂ ಅಲ್ಲ, ನಿಮ್ಮ ಅಮ್ಮನಿಗೂ ಹೇಳಿ). ಹಾಗಾಗಿ ಮನೆಯಲ್ಲಿ ಕೇಳೋಣ ಅಂದರೆ ಗೊತ್ತಿರುವವರೇ ಇರಲ್ಲ. ನನ್ನಂಥ ಇನ್ನೊಬ್ಬರನ್ನು ನಾನು ನೋಡಿದ್ದು 22ಕ್ಕೆ, ಅಂಗವಿಕಲ ಸರ್ಟಿಫಿಕೇಟಿನ ಕ್ಯೂನಲ್ಲಿ. ಐವತ್ತರ ಆಸುಪಾಸಿನವರು, ಪಕ್ಕಕ್ಕೆ ಎರಡು ಚಕ್ರ ಹಾಕಿಸಿದ ಸ್ಕೂಟರಲ್ಲಿ ಬಂದಿದ್ದರು. ಹಾಗೆ ಚಕ್ರ ಹಾಕಿಸಿಕೊಂಡು ನಾವೂ ಸ್ಕೂಟರ್ ಓಡಿಸಬಹುದು ಅಂತ ಗೊತ್ತಾಗಿದ್ದೇ ಆಗ. ಕ್ಲಾಸಲ್ಲಿ ಕಾಲು ತೂಗಾಡದ ಹಾಗೆ ಕೆಳಗೊಂದು ಮಣೆ ಇಟ್ಟುಕೋ ಅಂದರು. ನಡೆಯುವಾಗ ಕಾಲು ಜುಮ್ಮೆಂದರೆ ಸೋಮಾರಿತನ ಅಂದ್ಕೋಬೇಡ, ನಮ್ಮವರಿಗೆ ಬೆನ್ನುಹುರಿ ಹಾದುಹೋಗುವ ದಾರಿ ಕಿರಿದು, ಡಾಕ್ಟರಿಗೆ ತೋರಿಸು ಅಂತಲೂ ಹೇಳಿದರು.

ಅಂಥವರೊಬ್ಬರನ್ನು ಹುಡುಕಿ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹಾಗೇ ಕುಳ್ಳಗಿರುವ ನವದೀಪ್ ಸಿಂಗ್ ಜಾವೆಲಿನ್‌ನಲ್ಲಿ ಚಿನ್ನ ಗೆದ್ದ ವಿಡಿಯೋ ತೋರಿಸಿ, ಖುಷಿಯಾಗುತ್ತೆ, ಆದರೆ ಕಾಲೇಜಿಗೆ ಹೋಗೋಕೆ ಪದಕ ಬೇಕಿಲ್ಲ ಅಲ್ವಾ.

ಕೌನ್ಸೆಲರ್ ಸಿಗುವ ತನಕ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವನೇ ಫೋನ್ ಮಾಡಬಹುದು, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕುಬ್ಜತೆಯೂ ಇದೆ.

ಇನ್ನೇನಾದರೂ ಕೇಳುವುದಿದ್ದರೆ ಇಲ್ಲೇ ಕೆಳಗೆ ಬರೆಯಲಿ. ಅವನು, ನೀವಲ್ಲ.