ಗಣಿತ ಗೊತ್ತಿದ್ದರೂ ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ (ಬ್ಯಾಂಕ್ ಗುಮಾಸ್ತರ ನೇಮಕಾತಿಯ ಪೂರ್ವಭಾವಿ ಪರೀಕ್ಷೆ) ಸಮಯ ಸಾಲದು, ಏಕೆ?

ಸೂತ್ರ ಬರದೆ ಅಲ್ಲ, ಕೂಡುವ-ಗುಣಿಸುವ ಕೈ ನಿಧಾನವಾಗಿರುವುದರಿಂದ. ಗಣಿತ ವಿಭಾಗದಲ್ಲಿ 20 ನಿಮಿಷಕ್ಕೆ 35 ಪ್ರಶ್ನೆ, ಅಂದರೆ ಒಂದಕ್ಕೆ ಸುಮಾರು 34 ಸೆಕೆಂಡು. ಕ್ಯಾಲ್ಕುಲೇಟರ್ ಇಲ್ಲ. ಲೆಕ್ಕ ಹೆಚ್ಚೂಕಡಿಮೆ ಹೈಸ್ಕೂಲಿನದೇ.

ಹಾಗಾಗಿ ಮೊದಲು ಶೇಕಡಾವನ್ನು ಭಿನ್ನರಾಶಿಯಾಗಿ ನೋಡುವುದನ್ನು ರೂಢಿಸಿಕೊಳ್ಳಿ. 640ರ ಶೇ 37.5 ಎಷ್ಟು? ಗುಣಿಸಲು ಕೂತರೆ ಅರ್ಧ ನಿಮಿಷ ಹೋಯಿತು. ಶೇ 12.5 ಎಂದರೆ ಎಂಟರಲ್ಲೊಂದು ಪಾಲು (ನಮ್ಮ ಅಜ್ಜಂದಿರ 'ಅರೆಕಾಲು'), ಶೇ 37.5 ಅದರ ಮೂರು ಪಟ್ಟು. 640ರ ಎಂಟನೇ ಒಂದು ಭಾಗ 80, ಮೂರು ಪಟ್ಟು 240. ಪೆನ್ನೇ ಬೇಡ. ಲಾಭ-ನಷ್ಟ, ಬಡ್ಡಿ, ದತ್ತಾಂಶ ವಿಶ್ಲೇಷಣೆ ಎಲ್ಲದರ ಒಳಗೂ ಇದೇ ಕೂತಿರುತ್ತದೆ. ಜೊತೆಗೆ 25ರವರೆಗೆ ಮಗ್ಗಿ, 30ರವರೆಗೆ ವರ್ಗ ಬಾಯಿಪಾಠವಿರಲಿ.

ಪರೀಕ್ಷೆಯಲ್ಲಿ ಸರಳೀಕರಣ, ಸಂಖ್ಯಾಸರಣಿ ಮೊದಲು ಮುಗಿಸಿ. ಒಂದು ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ, ಆದ್ದರಿಂದ ಕುರುಡು ಊಹೆ ಬೇಡ. ಮಾಕ್ ಟೆಸ್ಟ್ ಬರೆದ ಮೇಲೆ ತಪ್ಪಾದವನ್ನಷ್ಟೇ ಅಲ್ಲ, ಸರಿಯಾಗಿಯೂ ಒಂದು ನಿಮಿಷ ತಿಂದವನ್ನು ಗುರುತು ಹಾಕಿಕೊಳ್ಳಿ. ಹೆಚ್ಚಿನವರು ಅದನ್ನು ನೋಡುವುದೇ ಇಲ್ಲ.